ಉಳಿದ ಅರ್ಧ ಬಿಸ್ಕತ್ತು

ನಮ್ಮ ಯಜಮಾನರನ್ನು ಈ ಬೀದಿಯಲ್ಲಿ ಯಾರೂ ಹೆಸರು ಹಿಡಿದು ಕರೆಯಲ್ಲ. ತಕ್ಕಡಿ ಮಾಸ್ಟರ್ ಅಂತಾರೆ. ಬೇಕರಿಗೆ ಬರುವ ಹೊಸಬರು ಅದೇ ಮನೆತನದ ಹೆಸರು ಅಂದುಕೊಂಡು "ತಕ್ಕಡಿಯವರೇ" ಅಂತ ಕೂಗಿದ್ದೂ ಉಂಟು. ಇವರು ಮೈದಾ ತೂಗ್ತಾರೆ, ಸಕ್ಕರೆ ತೂಗ್ತಾರೆ, ಚಿಟಿಕೆ ಉಪ್ಪನ್ನೂ ತೂಗ್ತಾರೆ. ಮದುವೆಯಾದ ಹೊಸದರಲ್ಲಿ ನಾನು ಅಡುಗೆ ಮಾಡ್ತಿದ್ದಾಗ ಪಕ್ಕದಲ್ಲಿ ಬಂದು ನಿಂತು, "ಉಪ್ಪು ಎಷ್ಟು ಗ್ರಾಂ ಹಾಕ್ತೀಯ?" ಅಂತ ಕೇಳಿದ್ದರು. ಸೌಟು ಬಿಸಿಯಾಗಿತ್ತು, ಹೊಸ ಗಂಡ ಅಂತ ಬಿಟ್ಟೆ. ಮಾತನ್ನೂ ಹಾಗೇ ತೂಗಿ ಆಡೋ ಮನುಷ್ಯ. ದಿನಕ್ಕೆ ಹತ್ತು ಮಾತು ಸಾಕು ಅವರಿಗೆ. ಉಳಿದದ್ದನ್ನೆಲ್ಲ ಮನೆಯಲ್ಲಿ ನಾನೇ ಆಡಬೇಕು, ಆ ವಿಷಯದಲ್ಲಿ ನಾನು ಯಾರಿಗೂ ಕಡಿಮೆ ಮಾಡಿಲ್ಲ.

ಹದಿನಾಲ್ಕನೇ ವಯಸ್ಸಿಗೆ ಒಂದು ಬೇಕರಿಯ ಭಟ್ಟಿಮನೆ ಸೇರಿದವರು. ಮೂರು ವರ್ಷ ಬರೀ ತಟ್ಟೆ ತೊಳೆದರಂತೆ, ಆಮೇಲೆ ಹಿಟ್ಟು ಮುಟ್ಟೋಕೆ ಬಿಟ್ಟರಂತೆ. ಈಗ ಕೆಳಗೆ ನಮ್ಮದೇ ಬೇಕರಿ, ಮೇಲೆ ಮನೆ. ಬೆಳಗ್ಗೆ ನಾಲ್ಕಕ್ಕೆ ಎದ್ದು ಇಳಿದರೆ ಮಧ್ಯಾಹ್ನದ ತನಕ ಮೆಟ್ಟಿಲು ಹತ್ತೋ ಪದ್ಧತಿ ಇಲ್ಲ. ಇವರ ಕಥೆ ಹೇಳೋದು ಇಷ್ಟು ಸುಲಭ. ಅದರಲ್ಲಿ ನನ್ನ ಪಾಲು ಹೇಳಬೇಕು ಅಂದಾಗ ಈ ಬಾಯಿಬಡುಕಿಗೂ ನಾಲಿಗೆ ಏಳಲ್ಲ. ಆದರೂ ಹೇಳ್ತೀನಿ. ಬೀದಿಯವರೆಲ್ಲ ಇವತ್ತಿಗೂ ತಪ್ಪು ಇವರದ್ದೇ ಅಂದುಕೊಂಡಿದ್ದಾರೆ. ಅದನ್ನು ಕೇಳಿಕೊಂಡು ಕೂತಿರೋಕೆ ನನ್ನಿಂದ ಆಗ್ತಿಲ್ಲ.

ನಮಗೆ ಒಬ್ಬಳೇ ಮಗಳು. ಎರಡು ಬೀದಿ ಆಚೆ ಮನೆ, ಕನ್ನಡಕದ ಅಂಗಡಿಯಲ್ಲಿ ಕೆಲಸ. ಅಳಿಯ ದೂರದ ಬಸ್ ಓಡಿಸ್ತಾನೆ, ವಾರಕ್ಕೊಮ್ಮೆ ಮುಖ ತೋರಿಸ್ತಾನೆ. ಅವರ ಮಗಳಿಗೆ ಏಳು ವರ್ಷ. ಶಾಲೆ ಬಿಟ್ಟ ಮೇಲೆ ಸಂಜೆ ಆರರ ತನಕ ನಮ್ಮ ಜೊತೆ. ಈ ಮಗುವಿಗೆ ಗೋಡಂಬಿ ಆಗಲ್ಲ. ಎರಡು ವರ್ಷದವಳಿದ್ದಾಗ ಒಂದೇ ಒಂದು ಚೂರು ತಿಂದು ಮುಖ ಊದಿ, ಉಸಿರು ಕಟ್ಟಿ, ನಾವು ಸತ್ತು ಬದುಕಿದ್ದೆವು. ಅಲರ್ಜಿ ಅಂದರು ಡಾಕ್ಟರು. ಇದು ಕಡಿಮೆ ಆಗೋ ಕಾಯಿಲೆ ಅಲ್ಲ, ತಿನ್ನದೇ ಇರೋದೇ ಔಷಧಿ ಅಂದರು. ಪೆನ್ನಿನ ಹಾಗಿರೋ ಒಂದು ಇಂಜೆಕ್ಷನ್ ಕೊಟ್ಟರು. ಅವತ್ತಿಂದ ಅದು ಮಗುವಿನ ಬ್ಯಾಗಿನಲ್ಲಿ ಸದಾ ಇರುತ್ತೆ.

ಮಗಳು ಹಟ ಹಿಡಿದಳು. "ಅವಳಿಗೇ ಕಲಿಸಬೇಕಮ್ಮ. ಜೀವನಪೂರ್ತಿ ಅವಳ ಹಿಂದೆ ಹಿಂದೆ ನಾವು ಓಡೋಕಾಗುತ್ತಾ?"

"ಜಡೆ ಹಾಕ್ಕೊಳ್ಳೋಕೆ ಬರಲ್ಲ, ಇವಳೇನು ತೀರ್ಮಾನ ಮಾಡ್ತಾಳೆ ಬಿಡೇ" ಅಂತ ನಾನು ಗೊಣಗಿದೆ.

ಆದರೆ ಮಗು ಕಲಿತಳು ನೋಡಿ. ಏನೇ ಕೊಟ್ಟರೂ ಮೂರು ಪ್ರಶ್ನೆ: ಏನೇನು ಹಾಕಿದ್ದೀರಿ, ಯಾವ ಪಾತ್ರೆಯಲ್ಲಿ ಮಾಡಿದ್ದೀರಿ, ಅದರಲ್ಲಿ ಮೊದಲು ಏನು ಮಾಡಿದ್ದಿರಿ. ಆಮೇಲೆ ಮೂಸಿ ನೋಡೋದು. ಆಮೇಲೆ ತುದಿನಾಲಿಗೆಗೆ ಇಷ್ಟೇ ಇಷ್ಟು ತಾಗಿಸೋದು. ಸರಿ ಅನಿಸದಿದ್ದರೆ "ನಂಗೆ ಬೇಡ" ಅಂತ ಕೆಳಗಿಡೋದು, ಎದುರಿಗೆ ಯಾರೇ ಇರಲಿ. ತಾತ ಅವಳಿಗೆ ಇನ್ಸ್‌ಪೆಕ್ಟ್ರಮ್ಮ ಅಂತ ಹೆಸರಿಟ್ಟರು. ಬೇಕರಿಗೆ ರಜೆಯ ದಿನ ಮೇಜು, ತಟ್ಟೆ, ಲಟ್ಟಣಿಗೆ ಎಲ್ಲ ಬಿಸಿನೀರಲ್ಲಿ ತೊಳೆದು ಒಣಗಿಸಿ, ಮರುದಿನ ಬೆಳಗ್ಗೆ ಮೊದಲ ಭಟ್ಟಿ ಇನ್ಸ್‌ಪೆಕ್ಟ್ರಮ್ಮನಿಗೆ ಅಂತ ಇವರೇ ನಿಯಮ ಮಾಡಿದರು. ಬೇರೆ ಯಾವ ಬಿಸ್ಕತ್ತಿಗೂ ಮುಂಚೆ ಅವಳ ಬೆಣ್ಣೆ ಬಿಸ್ಕತ್ತು. ಮಗಳು ಬಂದು ಮೂಲೆ ಮೂಲೆ ನೋಡಿ ಒಪ್ಪಿದ ಮೇಲೇ ಶುರುವಾದದ್ದು. ಎಂಟು ತಿಂಗಳು ಏನೂ ತೊಂದರೆ ಆಗಲಿಲ್ಲ.

ಸುಳ್ಳು ಯಾಕೆ ಹೇಳಲಿ, ಆ ಪ್ರಶ್ನೆಗಳು ನನಗೆ ಆಗ್ತಿರಲಿಲ್ಲ. ಗಿರಾಕಿಗಳ ಮುಂದೆ, ನೆಂಟರ ಮುಂದೆ, ನಾನು ಕೈಯಾರೆ ಮಾಡಿದ್ದನ್ನು ಈ ಚೋಟುದ್ದದ ಹುಡುಗಿ ಮೂಸಿ ನೋಡೋದು! ಒಂಥರಾ ಅವಮಾನ. ನಾನೇನು ವಿಷ ಹಾಕ್ತೀನಾ ಅನ್ನಿಸೋದು. ಬಾಯಿಬಿಟ್ಟು ಅಂದದ್ದೂ ಉಂಟು.

ಆ ಬುಧವಾರ ಸೆಕೆ ಜಾಸ್ತಿ. ಕೌಂಟರಿನಲ್ಲಿ ಕೂತು ಕೂತು ತಲೆ ಸಿಡೀತಿತ್ತು, ಮೇಲೆ ಮನೆಗೆ ಬಂದಿದ್ದೆ. ಮಗು ಶಾಲೆಯಿಂದ ಬಂದಳು, ಕೈಕಾಲು ತೊಳೆದಳು. ಇವರು ತಟ್ಟೆಯಲ್ಲಿ ಬಿಸ್ಕತ್ತು ಹಿಡಿದು ಮೇಲೆ ಬಂದರು. ವಿಚಾರಣೆ ಶುರುವಾಯ್ತು.

"ಏನೇನು ಹಾಕಿದೀಯ ತಾತ?"

"ಮೈದಾ, ಬೆಣ್ಣೆ, ಸಕ್ಕರೆ, ಹಾಲು, ಚಿಟಿಕೆ ಉಪ್ಪು, ಬೇಕಿಂಗ್ ಪೌಡರ್."

"ತಟ್ಟೆ?"

"ನಿನ್ನೆ ತೊಳೆದದ್ದು, ಇನ್ಸ್‌ಪೆಕ್ಟ್ರಮ್ಮಾವರೇ."

"ಮೊದಲು ಏನು ಮಾಡಿದ್ದೆ?"

"ಇದೇ ಮೊದಲು."

ಪಾಸ್ ಅಂತ ತಲೆ ಆಡಿಸಿದಳು. ತಾತ ಮೀಸೆಯಲ್ಲೇ ನಕ್ಕು ಕೆಳಗೆ ಹೋದರು. ಮಗು ತುದಿ ಕಚ್ಚಿದಳು, ಸ್ವಲ್ಪ ಕಾದಳು, ಇನ್ನೊಂದು ಚೂರು ತಿಂದಳು. ಅರ್ಧ ಆಗಿತ್ತು, ಉಳಿದ ಅರ್ಧವನ್ನು ತಟ್ಟೆಗೆ ಇಟ್ಟಳು.

"ಅಜ್ಜೀ, ನಾಲಿಗೆ ಚುರುಚುರು ಅಂತಿದೆ. ನಂಗೆ ಬೇಡ."

ಆಗ ನಾನು ಆಡಿದ ಮಾತು ಇದು, ಒಂದಕ್ಷರ ಬಿಡದೆ ಹೇಳ್ತೀನಿ: "ಸಾಕು ನಿಲ್ಸೇ ನಿನ್ನ ನಾಟಕ. ತಾತ ಬೆಳಗ್ಗೆ ಎದ್ದು ನಿನಗೋಸ್ಕರ ಮಾಡ್ತಾರೆ, ನೀನು ಅರ್ಧ ಕಚ್ಚಿ ಇಡ್ತೀಯಾ? ತಾತ ಸುಳ್ಳು ಹೇಳ್ತಾರಾ? ತಿಂದು ಮುಗಿಸು."

ಮಗು ನನ್ನ ಮುಖ ನೋಡಿದಳು. ಬಿಸ್ಕತ್ತು ನೋಡಿದಳು. ತೆಗೆದುಕೊಂಡು ತಿಂದಳು. ಮಾತು ಕೇಳೋ ಮಗು ನಮ್ಮದು.

ಐದು ನಿಮಿಷಕ್ಕೆ ಕತ್ತಿನ ತುಂಬ ದದ್ದು. ತುಟಿ ಊದಿತು. ಕೆಮ್ಮು ಹತ್ತಿಕೊಂಡಿತು, ದನಿ ಗೊಗ್ಗರಾಯ್ತು. ನಾನು "ರೀ!" ಅಂತ ಕೂಗಿದ್ದು ಆಚೆ ಬೀದಿಗೂ ಕೇಳಿಸಿತಂತೆ. ಇವರು ಮೆಟ್ಟಿಲು ಹಾರಿ ಬಂದವರೇ ಬ್ಯಾಗಿನಿಂದ ಇಂಜೆಕ್ಷನ್ ತೆಗೆದು, ಮಗಳು ಹೇಳಿಕೊಟ್ಟ ಹಾಗೇ ತೊಡೆಗೆ ಒತ್ತಿ ಹಿಡಿದರು. ನಾನು ಕಂಬದ ಹಾಗೆ ನಿಂತಿದ್ದೆ. ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ದೇವರು ದೊಡ್ಡವನು, ಮಗು ಉಳಿದಳು.

ಡಾಕ್ಟರು ಕೇಳಿದರು, ಏನು ತಿಂದಿದ್ದು ಅಂತ. ಮಗಳು ಓಡಿ ಬಂದಿದ್ದಳು, ಕೂದಲೆಲ್ಲ ಕೆದರಿತ್ತು. ಇವರು ಬಿಸ್ಕತ್ತಿಗೆ ಹಾಕಿದ್ದನ್ನೆಲ್ಲ ಗ್ರಾಂ ಸಮೇತ ಒಪ್ಪಿಸಿದರು. "ಅದರಲ್ಲಿ ಗೋಡಂಬಿ ಇಲ್ಲ. ಈ ಕೈ ಮೇಲೆ ಆಣೆ" ಅಂದರು. ಜೀವನದಲ್ಲಿ ಆಣೆ ಹಾಕದ ಮನುಷ್ಯ.

"ಹಾಗಾದರೆ ಶಾಲೆಯಲ್ಲಿ ಏನೋ ತಿಂದಿರಬೇಕು" ಅಂದರು ಡಾಕ್ಟರು.

ನಾನು ಅಲ್ಲೇ ಇದ್ದೆ. ಬಿಸ್ಕತ್ತು ಬಾಯಿಗಿಟ್ಟಾಗಲೇ ನಾಲಿಗೆ ಚುರುಚುರು ಅಂತ ಮಗು ಹೇಳಿದ್ದಳು ಅಂತ ಒಂದು ಮಾತು ಹೇಳಿದ್ದರೆ ಎಲ್ಲ ಅಲ್ಲಿಗೇ ಬಗೆಹರೀತಿತ್ತು. ಹೇಳಿದರೆ ಮುಂದಿನ ಪ್ರಶ್ನೆ, "ಮತ್ತೆ ಯಾಕೆ ತಿನ್ನೋಕೆ ಬಿಟ್ಟಿರಿ?" ಅಂತ ಬರುತ್ತಲ್ಲ. ಬಾಯಿಗೆ ಬೀಗ ಬಿತ್ತು. ದಿನವಿಡೀ ವಟಗುಟ್ಟೋ ಬಾಯಿ, ಬೇಕಾದಾಗ ಕೈಕೊಟ್ಟಿತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಬರೀ ಹೇಡಿ ಅನ್ನಬಹುದಿತ್ತು. ಮಗು ಮನೆಗೆ ಬಂದ ಮೂರನೇ ದಿನ, ಮಗಳು ಕೇಳಿ ಕೇಳಿ ಸೋತಿದ್ದಳು. ಮಗು "ನಾನು ಶಾಲೇಲಿ ಏನೂ ತಿಂದಿಲ್ಲ" ಅಂತ ಒಂದೇ ಹಟ. "ಅಮ್ಮ, ನೀನಾದ್ರೂ ಕೇಳು, ನಿನ್ನ ಹತ್ರ ಹೇಳ್ತಾಳೆ" ಅಂದಳು ಮಗಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ತಲೆ ಸವರಿದೆ.

"ನಿನ್ನ ಬೆಂಚಿನ ಗೆಳತಿ ಡಬ್ಬಿಯಿಂದ ಏನಾದ್ರೂ ತಿಂದ್ಯಾ ಚಿನ್ನಾ? ಒಪ್ಕೊಂಡುಬಿಡು. ಯಾರೂ ಬೈಯಲ್ಲ."

ಮಗು ನನ್ನನ್ನೇ ನೋಡಿದಳು. ಎಷ್ಟು ಹೊತ್ತು ನೋಡಿದಳು ಅಂದರೆ ನಾನೇ ಕಣ್ಣು ತಪ್ಪಿಸಿದೆ.

"ಹೂಂ" ಅಂದಳು.

ನನಗೆ ಹಾಯೆನಿಸಿತು ಕಣ್ರೀ. ಇದನ್ನು ಹೇಳೋಕೆ ನಾಚಿಕೆ ಆಗುತ್ತೆ, ಆದರೆ ಹಾಯೆನಿಸಿತು. ಮಗು ಒಪ್ಪಿಕೊಂಡಳಲ್ಲ, ಹಾಗಾದರೆ ನಾನು ತಿನ್ನಿಸಿದ್ದರಿಂದ ಅಲ್ಲ, ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಗಳು ಶಾಲೆಗೆ ಹೋಗಿ ಆ ಹುಡುಗಿಯ ತಾಯಿ ಜೊತೆ ಮಾತಿಗೆ ಮಾತು ಬೆಳೆಸಿ ಬಂದಳು. ಗೆಳತಿಯರಿಬ್ಬರನ್ನೂ ಬೇರೆ ಬೇರೆ ಬೆಂಚಿಗೆ ಹಾಕಿದರು. ಮೃಗಾಲಯಕ್ಕೆ ಹೋಗೋ ಪ್ರವಾಸಕ್ಕೆ ನಮ್ಮ ಮಗುವನ್ನು ಕಳಿಸಲಿಲ್ಲ. "ನಿನ್ನನ್ನ ನಂಬಿದ್ದೆ" ಅಂತ ಮಗಳು ಒಂದೇ ಒಂದು ಸಲ ಅಂದಳು ಅವಳಿಗೆ. ಮಗು ಅಳಲೂ ಇಲ್ಲ.

ಹತ್ತನೇ ದಿನ ಬೆಳಗ್ಗೆ ಹನ್ನೊಂದು ಗಂಟೆಗೆ ಇವರು ಮೆಟ್ಟಿಲು ಹತ್ತಿ ಬಂದರು. ಆ ಹೊತ್ತಿಗೆ ಬರೋರಲ್ಲ. ಕೈತುಂಬ ಹಿಟ್ಟು, ಮುಖದಲ್ಲಿ ರಕ್ತ ಇಲ್ಲ.

"ಪುಡಿ" ಅಂದರು.

ನನಗೆ ಅರ್ಥ ಆಯ್ತು. ನಿಮಗೆ ಹೇಳಬೇಕು. ಬೇಕರಿಯಲ್ಲಿ ಮುರಿದ ಬಿಸ್ಕತ್ತು, ಕೇಕಿನ ಅಂಚು ಯಾವುದನ್ನೂ ಎಸೆಯಲ್ಲ. ಒಣಗಿಸಿ ಪುಡಿ ಮಾಡಿ ಡಬ್ಬದಲ್ಲಿ ಇಡ್ತಾರೆ. ಹಿಟ್ಟು ಸಡಿಲ ಆದರೆ ಒಂದೆರಡು ಹಿಡಿ ಆ ಪುಡಿ ಸೇರಿಸಿದರೆ ಗಟ್ಟಿ ಬರುತ್ತೆ. ಇವರಿಗೆ ಇವರ ಗುರು ಕಲಿಸಿದ್ದು. ಐವತ್ತು ವರ್ಷದ ಅಭ್ಯಾಸ, ತಲೆಗೆ ಗೊತ್ತಾಗೋ ಮುಂಚೆ ಕೈ ಡಬ್ಬದಲ್ಲಿರುತ್ತೆ. ಎಲ್ಲವನ್ನೂ ತೂಗೋ ಮನುಷ್ಯ ಅದೊಂದನ್ನು ಮಾತ್ರ ತೂಗಲ್ಲ. ಏನೇನು ಹಾಕಿದ್ದೀರಿ ಅಂತ ಕೇಳಿದರೆ ಯಾವ ಬೇಕರಿಯವನೂ ಪುಡಿಯ ಹೆಸರು ಹೇಳಲ್ಲ, ಅದನ್ನು ಅವರು ಸಾಮಾನು ಅಂತಲೇ ಎಣಿಸಲ್ಲ. ಆ ಬುಧವಾರ ಸೆಕೆಗೆ ಬೆಣ್ಣೆ ಕರಗಿ ಹಿಟ್ಟು ಸಡಿಲ ಆಗಿತ್ತು. ಅದಕ್ಕೆ ಎರಡು ದಿನ ಮುಂಚೆ ಪ್ಯಾಕಿಂಗ್ ಮಾಡೋ ಹೆಂಗಸಿನ ಕೈ ಜಾರಿ ಒಂದು ಇಡೀ ತಟ್ಟೆ ಗೋಡಂಬಿ ಬಿಸ್ಕತ್ತು ಮುರಿದಿತ್ತು. ಅದೆಲ್ಲ ಪುಡಿಯಾಗಿ ಡಬ್ಬ ಸೇರಿತ್ತು.

"ಇವತ್ತು ಮತ್ತೆ ಕೈ ಹಾಕಿದೆ. ಆಗ ನೋಡ್ದೆ, ನನ್ನ ಕೈಯನ್ನ" ಅಂದರು. "ಮಗು ಸರಿಯಾಗಿ ಕೇಳಿದ್ಲು. ನಾನು ಸರಿಯಾಗಿ ಹೇಳಲಿಲ್ಲ."

ನಾನೇನು ಅಂದೆ ಗೊತ್ತಾ? "ಹೋಗ್ಲಿ ಬಿಡಿ ರೀ. ಮಗು ಹೆಂಗೂ ಒಪ್ಕೊಂಡಿದೆ. ಈಗ ಯಾಕೆ ಕೆದಕೋದು?"

ಇವರು ನನ್ನನ್ನು ಆ ಥರ ನೋಡಿದ್ದು ನಲವತ್ತು ವರ್ಷದಲ್ಲಿ ಅದೇ ಮೊದಲು. "ಮಗು ತಿನ್ನದೇ ಇದ್ದದ್ದನ್ನ ತಿಂದೆ ಅಂತ ಒಪ್ಕೊಂಡಿದೆ. ಅದು ಹೋಗ್ಲಿ ಬಿಡೋ ಮಾತಾ?" ಅಂದರು. ಅಂಗಡಿ ಪ್ಯಾಕಿಂಗ್ ಹೆಂಗಸಿಗೆ ಒಪ್ಪಿಸಿ, ಏಪ್ರನ್ ಕೂಡ ಬಿಚ್ಚದೆ ಕನ್ನಡಕದ ಅಂಗಡಿಗೆ ನಡೆದರು. ಮಗಳ ಮುಂದೆ, ಗಿರಾಕಿಗಳ ಮುಂದೆ, ಹೇಳಿದರು. ಸಂಜೆ ಮಗುವಿನ ಎದುರು ನೆಲದ ಮೇಲೆ ಕೂತು ಹೇಳಿದರು. ಗೋಡಂಬಿ ಬಿಸ್ಕತ್ತು ಮಾಡೋದನ್ನೇ ನಿಲ್ಲಿಸಿದರು. ಪುಡಿ ಡಬ್ಬ ಎತ್ತಿ ಆಚೆ ಹಾಕಿದರು. ಆ ಹುಡುಗಿಯ ತಾಯಿಯ ಮನೆಗೂ ಹೋಗಿ ಕೈಮುಗಿದು ಬಂದರು. ಇಡೀ ಬೀದಿಗೆ ಗೊತ್ತಾಯ್ತು. "ತಕ್ಕಡಿ ಮಾಸ್ಟರ್ ತೂಕ ತಪ್ಪಿದರು" ಅಂತ ಟೈಲರ್ ಅಂಗಡಿಯಲ್ಲಿ ನಗೆಚಾಟಿಕೆ. ಇವರು ತಲೆ ತಗ್ಗಿಸಿಕೊಂಡು ಓಡಾಡಿದರು. ನನ್ನ ಹತ್ತಿರ ಬಂದವರೆಲ್ಲ, "ಪಾಪ, ನಿಮಗೆಷ್ಟು ಗಾಬರಿ ಆಯ್ತೋ" ಅಂತ ಕನಿಕರ ತೋರಿಸಿದರು. ನಾನು ಹೂಂಗುಟ್ಟಿದೆ.

ಮಗಳು ಮಗುವನ್ನು ಕೇಳಿದಳು, "ಹಾಗಾದ್ರೆ ಗೆಳತಿ ಡಬ್ಬಿಯಿಂದ ತಿಂದೆ ಅಂತ ಯಾಕೆ ಹೇಳ್ದೆ ಪುಟ್ಟಾ?"

ಮಗು ನನ್ನ ಕಡೆ ನೋಡಿದಳು. "ಮರೆತುಹೋಯ್ತು" ಅಂದಳು.

ಆಗಲೂ ನಾನು ಉಸಿರೆತ್ತಲಿಲ್ಲ. ಎಲ್ಲ ಸರಿಹೋಯ್ತು ಅಂದುಕೊಂಡೆವು. ಮಗು ಮೊದಲಿನ ಹಾಗೇ ಬಂದು ಹೋಗ್ತಿದ್ದಳು, ಆಟ ಆಡ್ತಿದ್ದಳು. ಪ್ರಶ್ನೆ ಮಾತ್ರ ಕೇಳ್ತಿರಲಿಲ್ಲ. ಬಾಳೆಹಣ್ಣು ಕೊಟ್ಟರೂ ಕೈಯಲ್ಲಿ ಹಿಡಿದು ನಮ್ಮ ಮುಖ ನೋಡೋಳು. "ತಿನ್ನಲಾ?" ತಿನ್ನು ಅಂದರೆ ತಿನ್ನೋಳು. ಬೇಡ ಅಂದರೆ ಇಡೋಳು. ಮೂಸೋದು ಇಲ್ಲ, ತುದಿನಾಲಿಗೆ ಇಲ್ಲ. ಎಷ್ಟು ಒಳ್ಳೆ ಮಗು ಆಗಿದೆ ನೋಡಿ ಅಂತ ಪ್ಯಾಕಿಂಗ್ ಹೆಂಗಸು ಮೆಚ್ಚಿಕೊಂಡಳು. ನನಗೂ ಮೊದಮೊದಲು ಅದು ವಿಧೇಯತೆ ಅನ್ನಿಸಿತ್ತು.

ಕಳೆದ ತಿಂಗಳು ಒಂದು ಸಂಜೆ, ಕೌಂಟರಿನಲ್ಲಿ ಜನ. ನಾನು ಗಿರಾಕಿಗೆ ಬ್ರೆಡ್ ಕಟ್ಟಿಕೊಡ್ತಿದ್ದೆ. ಟೈಲರ್ ಬಂದು, ಮಗನಿಗೆ ಕೆಲಸ ಸಿಕ್ಕಿತು ಅಂತ ಎಲ್ಲರಿಗೂ ಒಂದೊಂದು ಚಾಕೊಲೇಟು ಹಂಚಿದ. ಹಿಂದಿನಿಂದ ಮಗುವಿನ ದನಿ ಬಂತು, "ಅಜ್ಜೀ, ತಿನ್ನಲಾ?"

ನಾನು ತಿರುಗಿಯೂ ನೋಡದೆ "ಹೂಂ, ತಿನ್ನು" ಅಂದೆ.

ಕಾಗದ ಬಿಚ್ಚಿದ ಸದ್ದಾಯ್ತು. ಬ್ರೆಡ್ ಕೊಟ್ಟು ಕೈ ಒರೆಸಿಕೊಳ್ತಾ ತಿರುಗಿದರೆ, ಕೌಂಟರಿನ ಮೇಲೆ ಬಿದ್ದಿದ್ದ ಆ ಹೊಳೆಯೋ ಕಾಗದದ ಮೇಲೆ ಗೋಡಂಬಿಯ ಚಿತ್ರ. ಚಾಕೊಲೇಟು ಅವಳ ತುಟಿಯ ಹತ್ತಿರ. ಹೊಡೆದೆನೋ ಕಿತ್ತುಕೊಂಡೆನೋ ನನಗೇ ಗೊತ್ತಿಲ್ಲ, ಚಾಕೊಲೇಟು ಹೋಗಿ ಗೋಡೆಗೆ ಬಿತ್ತು. ಮಗುವಿನ ಬಾಯಿ ತೊಳೆಸಿದೆ, ನಾಲಿಗೆ ನೋಡಿದೆ, ಕತ್ತು ನೋಡಿದೆ.

"ಚಿತ್ರ ಕಾಣಿಸಲಿಲ್ವೇನೇ ನಿಂಗೆ? ವಾಸನೆ ಬರಲಿಲ್ವಾ?"

"ಬಂತು ಅಜ್ಜಿ" ಅಂದಳು. "ಆದ್ರೆ ನೀನು ಹೂಂ ಅಂದ್ಯಲ್ಲ."

ಅಲ್ಲೇ ಮೈದಾ ಚೀಲದ ಮೇಲೆ ಕೂತುಬಿಟ್ಟೆ. ಇವಳಿಗೆ ಎಲ್ಲ ಗೊತ್ತಿತ್ತು. ಮೂಗು ಹೇಳಿತ್ತು, ಕಣ್ಣು ಹೇಳಿತ್ತು. ಆದರೂ ತಿನ್ನೋಕೆ ಹೊರಟಿದ್ದಳು, ದೊಡ್ಡವರು ತಿನ್ನು ಅಂದರು ಅಂತ. ನಾಳೆ ಶಾಲೆಯಲ್ಲಿ ಯಾರೋ ತಿನ್ನು ಅಂತಾರೆ, ಇನ್ನೊಂದು ದಿನ ನೆಂಟರ ಮನೆಯಲ್ಲಿ ಯಾರೋ ಬಲವಂತ ಮಾಡ್ತಾರೆ. ಪ್ರತಿ ಸಲ ನಾನು ತಿರುಗಿ ನೋಡ್ತೀನಾ? ಅವಳಿಗಿದ್ದ ಒಂದೇ ಕಾವಲು ಅವಳ ಆ "ನಂಗೆ ಬೇಡ". ಅದನ್ನು ಅವಳ ಕೈಯಿಂದ ಕಿತ್ತುಕೊಂಡವಳು ನಾನು. ಇವರ ಪುಡಿ ಒಂದು ದಿನ ಮಾತ್ರ ಅವಳಿಗೆ ವಿಷ ಆಗಿತ್ತು, ನನ್ನ ಮಾತು ಅವಳು ಇರೋವರೆಗೂ ಆಗುತ್ತೆ.

ಆರು ಗಂಟೆಗೆ ಮಗಳು ಬಂದಳು. ಇವರನ್ನೂ ಕರೆದೆ. ಮೇಲೆ, ಅಡುಗೆಮನೆಯಲ್ಲಿ, ಬಾಗಿಲು ಹಾಕಿ, ಮಗುವನ್ನು ಎದುರಿಗೇ ಕೂರಿಸಿಕೊಂಡು ಹೇಳಿದೆ. ಮಗು ಅರ್ಧ ಬಿಸ್ಕತ್ತು ಕೆಳಗಿಟ್ಟಿದ್ದಳು, ಬೇಡ ಅಂದಿದ್ದಳು, ನಾನು ಗದರಿಸಿ ತಿನ್ನಿಸಿದೆ. ಆಸ್ಪತ್ರೆಯಲ್ಲಿ ಬಾಯಿ ಮುಚ್ಚಿಕೊಂಡೆ. ಆಮೇಲೆ ಅವಳ ಬಾಯಲ್ಲೇ ಸುಳ್ಳು ಹೇಳಿಸಿದೆ. ಇವರ ಮೇಲೆ ಅಷ್ಟೂ ಹೊರೆ ಬಿದ್ದಾಗಲೂ ಸುಮ್ಮನಿದ್ದೆ. ಇವರು ನನ್ನ ಕಡೆ ನೋಡಲಿಲ್ಲ, ಮೇಜಿನ ಅಂಚನ್ನು ಬೆರಳಲ್ಲಿ ಉಜ್ಜುತ್ತಾ ಕೂತಿದ್ದರು. ಮಗಳು ಹೆಗಲ ಮೇಲಿನ ಬ್ಯಾಗು ಕೂಡ ಇಳಿಸಿರಲಿಲ್ಲ.

"ನೀನು ಸರಿಯಾಗೇ ಮಾಡಿದ್ದೆ ಚಿನ್ನಾ. ತಪ್ಪು ನನ್ನದು" ಅಂದೆ ಮಗುವಿಗೆ. "ಇನ್ಮೇಲೆ ನಿಂಗೆ ಬೇಡ ಅನಿಸಿದ್ರೆ ಬೇಡ, ಅಷ್ಟೇ. ಅಜ್ಜಿ ಹೇಳಲಿ, ಯಾರೇ ಹೇಳಲಿ." ಆಮೇಲೆ ತಡೆಯಲಾರದೆ ಕೇಳಿದೆ, "ಅಜ್ಜಿ ತಿನ್ನು ಅಂದಿದ್ದು ಅಂತ ನೀನಾದ್ರೂ ಅಮ್ಮನಿಗೆ ಯಾಕೆ ಹೇಳಲಿಲ್ಲ?"

"ಹೇಳಿದ್ನಲ್ಲ" ಅಂದಳು ಮಗು. ದೂರು ಹೇಳೋ ದನಿಯೂ ಅಲ್ಲ ಅದು. "ಆಸ್ಪತ್ರೇಲಿ, ಮೂಗಿಗೆ ಹಾಕಿದ್ದು ತೆಗೆದ ಮೇಲೆ ಹೇಳ್ದೆ. ಅದಕ್ಕೆ ಅಮ್ಮ 'ಅಜ್ಜಿ ಹಾಗೆಲ್ಲ ಮಾಡಲ್ಲ, ಸುಳ್ಳು ಹೇಳಬಾರದು, ನಿದ್ದೆ ಮಾಡು' ಅಂದ್ಲು."

ನಾನು ಮಗಳ ಕಡೆ ತಿರುಗಿದೆ. ಅವಳು ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಸಾವಿನ ಬಾಯಿಂದ ಎದ್ದು ಬಂದ ತನ್ನ ಕೂಸಿನ ಮಾತಿಗಿಂತ ನನ್ನನ್ನು ಹೆಚ್ಚು ನಂಬಿದ್ದಳು ನನ್ನ ಮಗಳು.